ಐಎಲ್-2 ಹತ್ತು ಪಟ್ಟು ಹಾಕಿದರೂ ಟಿ ಕೋಶಗಳು ಹೆಚ್ಚಲಿಲ್ಲವೇಕೆ?

ಪ್ರಶ್ನೆ: ನಾನು ಬಯೋಟೆಕ್ನಾಲಜಿ ಎಂ.ಎಸ್ಸಿ. ಕೊನೆಯ ವರ್ಷದ ವಿದ್ಯಾರ್ಥಿನಿ. ಗ್ರೋತ್ ಫ್ಯಾಕ್ಟರ್‌ಗಳು ರೋಗನಿರೋಧಕ ಕೋಶಗಳ ಸಂಖ್ಯೆಯನ್ನು ಹೇಗೆ ಹೆಚ್ಚಿಸುತ್ತವೆ ಎಂಬುದು ನನ್ನ ಪ್ರಾಜೆಕ್ಟ್ ವಿಷಯ. ಮೊದಲ ಸಲ ರಕ್ತದಿಂದ ಬೇರ್ಪಡಿಸಿದ ಪಿಬಿಎಂಸಿಗೆ (ಲಿಂಫೋಸೈಟ್, ಮಾನೊಸೈಟ್‌ಗಳಿರುವ ಬಿಳಿ ರಕ್ತಕಣಗಳ ಮಿಶ್ರಣಕ್ಕೆ) ಮಿ.ಲೀ.ಗೆ 100 ಐಯು (ಅಂತರರಾಷ್ಟ್ರೀಯ ಯೂನಿಟ್) ಐಎಲ್-2, ಅಂದರೆ ಟಿ ಕೋಶ ಬೆಳೆಸುವ ಇಂಟರ್‌ಲ್ಯೂಕಿನ್-2 ಪ್ರೋಟೀನ್, ಮಾತ್ರ ಹಾಕಿದೆ. ಮೂರು ದಿನವಾದರೂ ಕೋಶಗಳು ಹೆಚ್ಚಲಿಲ್ಲ. ಎರಡನೇ ಸಲ, ಟಿ ಕೋಶಗಳನ್ನು ಕೆರಳಿಸಲು, ಸಿಡಿ3 ಪ್ರತಿಕಾಯ ಲೇಪಿಸಿದ ಪ್ಲೇಟ್‌ನಲ್ಲಿ ಸಿಡಿ28 ಪ್ರತಿಕಾಯವನ್ನೂ ಐಎಲ್-2 ಅನ್ನೂ ಸೇರಿಸಿದೆ. ನಾಲ್ಕನೇ ದಿನಕ್ಕೆ ಮೂರು ಪಟ್ಟಾದವು, ಆರನೇ ದಿನದಿಂದ ಸಾಯತೊಡಗಿದವು. ಮೂರನೇ ಸಲ ಐಎಲ್-2 ಅನ್ನು 1000 ಐಯುಗೆ ಏರಿಸಿದರೂ ಅದೇ ಕಥೆ. ಮೂರನೇ ದಿನ ಐಎಲ್-2 ಮತ್ತೆ ಹಾಕಿದ್ದೆ, ಪ್ಲೇಟ್ ಮತ್ತು ಮೀಡಿಯಂ ಬದಲಿಸಿರಲಿಲ್ಲ. ಎಲ್ಲಿ ತಪ್ಪಿದೆ? ಬಿ ಕೋಶ, ನ್ಯೂಟ್ರೋಫಿಲ್‌ಗಳಿಗೂ ಇದೇ ನಿಯಮವೇ?

ಉತ್ತರ: ನಿಮ್ಮ ಮೂರೂ ಫಲಿತಾಂಶಗಳು ಆ ಪರಿಸ್ಥಿತಿಯಲ್ಲಿ ಬರಬೇಕಾದವೇ. ಅದರಲ್ಲೂ ಮೂರನೆಯದು, ಅಂದರೆ ಹತ್ತು ಪಟ್ಟು ಹಾಕಿಯೂ ಏನೂ ಬದಲಾಗದೆ ಇದ್ದದ್ದು, ಕೋಶಗಳು ಏಕೆ ಸತ್ತವು ಎಂಬುದಕ್ಕೆ ನಿಮ್ಮ ಬಳಿ ಇರುವ ಅತ್ಯುತ್ತಮ ಸುಳಿವು. ಐಎಲ್-2ರ ಪ್ರಮಾಣ ಎಷ್ಟು ಎಂದು ಕೇಳುವ ಮೊದಲು ಅದನ್ನು ಹಿಡಿಯುವ ರಿಸೆಪ್ಟರ್ ಯಾವ ಕೋಶದ ಮೇಲೆ, ಯಾವ ದಿನ, ಎಷ್ಟಿದೆ ಎಂದು ಕೇಳಿಕೊಂಡರೆ ಮೂರಕ್ಕೂ ಉತ್ತರ ಸಿಗುತ್ತದೆ.

ಮೊದಲ ಪ್ರಯೋಗ ನೋಡೋಣ. ಆರೋಗ್ಯವಂತರ ರಕ್ತದಲ್ಲಿ ಓಡಾಡುವ ಟಿ ಕೋಶಗಳಲ್ಲಿ ಬಹುಪಾಲು ವಿಶ್ರಾಂತ ಸ್ಥಿತಿಯಲ್ಲಿರುತ್ತವೆ, ಕೋಶಚಕ್ರದ ಹೊರಗೇ ನಿಂತಿರುತ್ತವೆ. ಐಎಲ್-2ರ ಪೂರ್ಣ ರಿಸೆಪ್ಟರ್‌ಗೆ ಮೂರು ಸರಪಳಿ ಬೇಕು: ಆಲ್ಫಾ ಅಂದರೆ ಸಿಡಿ25, ಬೀಟಾ ಅಂದರೆ ಸಿಡಿ122, ಗಾಮಾ ಅಂದರೆ ಸಿಡಿ132. ವಿಶ್ರಾಂತ ಟಿ ಕೋಶದ ಮೇಲೆ ಸಿಡಿ25 ಇಲ್ಲವೆನ್ನುವಷ್ಟು ಕಡಿಮೆ. ಮೊಳಕೆಯೊಡೆಯದ ಬೀಜಕ್ಕೆ ಗೊಬ್ಬರ ಸುರಿದಂತೆ ನಿಮ್ಮ ಐಎಲ್-2 ಅಲ್ಲಿ ವ್ಯರ್ಥವಾಯಿತು. ಪೂರ್ತಿ ವ್ಯರ್ಥ ಎನ್ನುವಂತೆಯೂ ಇಲ್ಲ. ಸಿಡಿ25 ಅನ್ನು ಸದಾ ಹೊತ್ತಿರುವ ನಿಯಂತ್ರಕ ಟಿ ಕೋಶಗಳು, ಅಂದರೆ ಟಿ-ರೆಗ್‌ಗಳು, ಸಿಡಿ4 ಕೋಶಗಳಲ್ಲಿ ಶೇಕಡಾ 5ರಿಂದ 10ರಷ್ಟು ಇರುತ್ತವೆ. ಬೀಟಾ-ಗಾಮಾ ಜೋಡಿ ಹೊತ್ತಿರುವ ಎನ್‌ಕೆ (ನ್ಯಾಚುರಲ್ ಕಿಲ್ಲರ್) ಕೋಶಗಳೂ ಇವೆ. ಇವು ಐಎಲ್-2 ಅನ್ನು ಬಳಸಿಕೊಂಡಿರುತ್ತವೆ, ಆದರೆ ಒಟ್ಟು ಎಣಿಕೆಯಲ್ಲಿ ಮೂರು ದಿನಕ್ಕೆ ಅದು ಕಾಣಿಸುವಷ್ಟಾಗುವುದಿಲ್ಲ.

ಇತಿಹಾಸವೂ ಇದೇ ಕ್ರಮದಲ್ಲಿ ನಡೆದಿದೆ. ರಕ್ತದ ಲಿಂಫೋಸೈಟ್ ಮತ್ತೆ ವಿಭಜನೆಗೊಳ್ಳದ ಕೊನೆಯ ಹಂತದ ಕೋಶ ಎಂದೇ 1950ರ ದಶಕದವರೆಗೆ ನಂಬಿಕೆಯಿತ್ತು. 1960ರಲ್ಲಿ ಫಿಲಡೆಲ್ಫಿಯಾದ ಪೀಟರ್ ನೋವೆಲ್, ರಾಜ್ಮಾ ಜಾತಿಯ ಕಾಳಿನಿಂದ ತೆಗೆದ ಫೈಟೋಹೆಮಗ್ಲುಟಿನಿನ್ ಎಂಬ ಪ್ರೋಟೀನ್ ಸೋಕಿದರೆ ಅವು ಉಬ್ಬಿ ವಿಭಜನೆಗೊಳ್ಳುತ್ತವೆ ಎಂದು ತೋರಿಸಿದರು. ಅದುವರೆಗೆ ಅದನ್ನು ಬಳಸುತ್ತಿದ್ದದ್ದು ಕೆಂಪು ರಕ್ತಕಣಗಳನ್ನು ಗಂಟು ಕಟ್ಟಿಸಿ ತೆಗೆಯಲು. 1976ರಲ್ಲಿ ಅಮೆರಿಕದ ಮಾರ್ಗನ್, ರುಸೆಟ್ಟಿ ಮತ್ತು ಗ್ಯಾಲೊ ಅದೇ ಪ್ರೋಟೀನ್‌ನಿಂದ ಕೆರಳಿಸಿದ ಲಿಂಫೋಸೈಟ್‌ಗಳ ಮೀಡಿಯಂನಲ್ಲಿ ಮಾನವ ಮಜ್ಜೆಯ ಟಿ ಕೋಶಗಳನ್ನು ದೀರ್ಘಕಾಲ ಬೆಳೆಸಿದರು. ಆ ಮೀಡಿಯಂನಲ್ಲಿದ್ದ ವಸ್ತುವೇ ಮುಂದೆ ಐಎಲ್-2 ಎನಿಸಿತು. 1983ರಲ್ಲಿ ಜಪಾನಿನ ತನಿಗುಚಿ ತಂಡ ಅದರ ಜೀನ್ ಕ್ಲೋನ್ ಮಾಡಿತು. ಮೊದಲು ಕೆರಳಿಸುವ ಸಂಕೇತ, ಆಮೇಲೆ ಬೆಳೆಸುವ ಸಂಕೇತ: ಈ ಕ್ರಮ ತಪ್ಪಿದರೆ ಯಾವ ದುಬಾರಿ ಸೈಟೊಕೈನ್ (ಐಎಲ್-2ರಂಥ ಸಂಕೇತ ಪ್ರೋಟೀನ್) ತಂದರೂ ಪ್ರಯೋಜನವಿಲ್ಲ.

ಕೋಶದೊಳಗೆ ನಡೆಯುವುದು

ಸಿಡಿ3 ಪ್ರತಿಕಾಯ ಟಿ ಕೋಶದ ರಿಸೆಪ್ಟರ್ ಅನ್ನು ಹಿಡಿದೆಳೆದಾಗ ಕೋಶದೊಳಗೆ ಕ್ಯಾಲ್ಸಿಯಂ ಏರುತ್ತದೆ, ಕ್ಯಾಲ್ಸಿನ್ಯೂರಿನ್ ಎಂಬ ಕಿಣ್ವ ಚುರುಕಾಗುತ್ತದೆ, ಎನ್‌ಫ್ಯಾಟ್ ಎಂಬ ಪ್ರೋಟೀನ್ ಕೋಶಕೇಂದ್ರ ಸೇರುತ್ತದೆ. ಸಿಡಿ28ರ ಸಂಕೇತ ಜೊತೆಗಿದ್ದರೆ ಎನ್‌ಎಫ್-ಕಪ್ಪಾ-ಬಿ, ಎಪಿ-1 ಎಂಬ ಪ್ರೋಟೀನ್‌ಗಳೂ ಕೈಜೋಡಿಸುತ್ತವೆ. ಇವೆಲ್ಲ ಸೇರಿ ಐಎಲ್-2 ಜೀನ್ ಅನ್ನೂ ಸಿಡಿ25 ಜೀನ್ ಅನ್ನೂ ತೆರೆಯುತ್ತವೆ. ಅಂದರೆ ಕೋಶ ತನಗೆ ಬೇಕಾದ ಸೈಟೊಕೈನ್ ಅನ್ನು ತಾನೇ ಮಾಡಿಕೊಂಡು, ಅದನ್ನು ಹಿಡಿಯುವ ರಿಸೆಪ್ಟರ್ ಅನ್ನೂ ತಾನೇ ಹೊರಗಿಡುತ್ತದೆ.

ಐಎಲ್-2 ಬಂದು ಕೂತ ಮೇಲೆ ಬೀಟಾ ಸರಪಳಿಗೆ ಅಂಟಿದ ಜ್ಯಾಕ್1, ಗಾಮಾಗೆ ಅಂಟಿದ ಜ್ಯಾಕ್3 ಕೈನೇಸ್‌ಗಳು (ಫಾಸ್ಫೇಟ್ ಅಂಟಿಸುವ ಕಿಣ್ವಗಳು) ಎಚ್ಚರಗೊಳ್ಳುತ್ತವೆ. ಅಲ್ಲಿಂದ ಮೂರು ದಾರಿ. ಸ್ಟ್ಯಾಟ್5 ದಾರಿಯಲ್ಲಿ ಸಿಡಿ25 ಇನ್ನಷ್ಟು ಹೆಚ್ಚುತ್ತದೆ, ಸಾವು ತಡೆಯುವ ಬಿಸಿಎಲ್-2 ಏರುತ್ತದೆ, ಸೈಕ್ಲಿನ್ ಡಿ2 ತಯಾರಾಗುತ್ತದೆ. ಪಿಐ3ಕೆ–ಎಕೆಟಿ–ಎಂಟಾರ್ ದಾರಿಯಲ್ಲಿ ಕೋಶ ಗ್ಲೂಕೋಸ್ ಎಳೆದುಕೊಂಡು ಪ್ರೋಟೀನ್ ತಯಾರಿಸಿ ದಪ್ಪಗಾಗುತ್ತದೆ. ಮೂರನೆಯದು ಮ್ಯಾಪ್ ಕೈನೇಸ್ ದಾರಿ. ಒಟ್ಟು ಪರಿಣಾಮವೆಂದರೆ, ಕೋಶಚಕ್ರಕ್ಕೆ ಬೀಗ ಹಾಕಿದ್ದ ಪಿ27 ಪ್ರೋಟೀನ್ ನಾಶವಾಗುತ್ತದೆ, ಆರ್‌ಬಿ ಪ್ರೋಟೀನ್‌ಗೆ ಫಾಸ್ಫೇಟ್ ಅಂಟುತ್ತದೆ, ಡಿಎನ್‌ಎ ನಕಲು ಶುರುವಾಗುತ್ತದೆ. ಮಾನವ ಟಿ ಕೋಶದ ಮೊದಲ ವಿಭಜನೆಗೆ ಸಾಮಾನ್ಯವಾಗಿ ಒಂದೂವರೆ–ಎರಡು ದಿನ ಬೇಕು. ಆಮೇಲಿನ ವಿಭಜನೆಗಳು ಇದಕ್ಕಿಂತ ಬಹಳ ಬೇಗ ಆಗುತ್ತವೆ. 24ನೇ ಗಂಟೆಗೆ ಎಣಿಸಿ ‘ಹೆಚ್ಚಿಲ್ಲ’ ಎಂದು ಬರೆಯುವವರು ಇನ್ನೂ ಶುರುವಾಗದ ಕೆಲಸವನ್ನು ಅಳೆದಿರುತ್ತಾರೆ.

ಯಾವ ಕೋಶ ಎಷ್ಟು ಬೇಗ ಡಿಎನ್‌ಎ ನಕಲು ಹಂತಕ್ಕೆ ಹೋಗುತ್ತದೆ ಎಂಬುದು ಮೂರು ಸಂಗತಿಗಳ ಮೇಲೆ ನಿಂತಿದೆ ಎಂದು ಕ್ಯಾಂಟ್ರೆಲ್ ಮತ್ತು ಸ್ಮಿತ್ 1984ರಲ್ಲೇ ತೋರಿಸಿದರು: ಐಎಲ್-2ರ ಸಾಂದ್ರತೆ, ಕೋಶದ ಮೇಲಿನ ರಿಸೆಪ್ಟರ್ ಸಂಖ್ಯೆ, ಎರಡೂ ಜೊತೆಗಿರುವ ಕಾಲಾವಧಿ. ವಿದ್ಯಾರ್ಥಿಗಳು ಬದಲಿಸಿ ನೋಡುವುದು ಮೊದಲನೆಯದನ್ನು ಮಾತ್ರ.

ಈಗ ಪ್ರಮಾಣದ ಲೆಕ್ಕ

ಔಷಧವಾಗಿ ಬರುವ ಐಎಲ್-2ರಲ್ಲಿ 1.1 ಮಿಲಿಗ್ರಾಂ ಎಂದರೆ 180 ಲಕ್ಷ ಐಯು. ಹಾಗಾಗಿ 1 ನ್ಯಾನೋಗ್ರಾಂ ಸುಮಾರು 16 ಐಯು, ನಿಮ್ಮ 100 ಐಯು ಸುಮಾರು 6 ನ್ಯಾನೋಗ್ರಾಂ. ಅಣುತೂಕ ಸುಮಾರು 15,500 ಎಂದು ಹಿಡಿದರೆ ಮಿ.ಲೀ.ಗೆ 100 ಐಯು ಎಂದರೆ 390 ಪಿಕೋಮೋಲಾರ್ (1000 ಪಿಕೋಮೋಲಾರ್ ಸೇರಿದರೆ 1 ನ್ಯಾನೋಮೋಲಾರ್). ನೀವು ತಂದ ಸೀಸೆಯ ಚಟುವಟಿಕೆ ಬೇರೆ ಇರಬಹುದು, ಆ ಲಾಟ್‌ನ ಪತ್ರದಲ್ಲಿ ನೋಡಿ. ಹಳೆಯ ಲೇಖನಗಳಲ್ಲಿ ಸೀಟಸ್ ಯೂನಿಟ್ ಎಂಬ ಅಳತೆ ಬರುತ್ತದೆ. ಒಂದು ಸೀಟಸ್ ಯೂನಿಟ್ 6 ಐಯುಗೆ ಸಮ. ಬರೀ ‘ಯೂನಿಟ್’ ಎಂದು ಕಂಡಲ್ಲಿ ಐಯು ಎಂದು ತಿಳಿದು ಹಾಕಿ ಕೆಟ್ಟ ಪ್ರಯೋಗಗಳು ಕಡಿಮೆಯಿಲ್ಲ.

ಮೂರೂ ಸರಪಳಿ ಇರುವ ರಿಸೆಪ್ಟರ್ 10 ಪಿಕೋಮೋಲಾರ್‌ನಲ್ಲೇ ಅರ್ಧ ತುಂಬುತ್ತದೆ. ಬೀಟಾ-ಗಾಮಾ ಜೋಡಿ ಅರ್ಧ ತುಂಬಲು ಸುಮಾರು 1 ನ್ಯಾನೋಮೋಲಾರ್, ಅಂದರೆ ನೂರು ಪಟ್ಟು ಹೆಚ್ಚು ಬೇಕು. ಆಲ್ಫಾ ಒಂಟಿಯಾಗಿದ್ದರೆ 10 ನ್ಯಾನೋಮೋಲಾರ್. ಅದು ಹಿಡಿದುಕೊಂಡರೂ ಸಂಕೇತ ಒಳಗೆ ಹೋಗುವುದಿಲ್ಲ. ತುಂಬಿದ ಭಾಗವನ್ನು ಕಂಡುಹಿಡಿಯಲು ಸಾಂದ್ರತೆಯನ್ನು, ಸಾಂದ್ರತೆ ಮತ್ತು ಈ ಅರ್ಧಮಟ್ಟಗಳ ಮೊತ್ತದಿಂದ ಭಾಗಿಸಿದರೆ ಸಾಕು. 100 ಐಯುನಲ್ಲಿ ಪೂರ್ಣ ರಿಸೆಪ್ಟರ್ 390 ಭಾಗಿಸು 400, ಶೇಕಡಾ 97ಕ್ಕೂ ಹೆಚ್ಚು ತುಂಬಿರುತ್ತದೆ. ಬೀಟಾ-ಗಾಮಾ ಜೋಡಿ ತುಂಬಿರುವುದು ಶೇಕಡಾ 28ರಷ್ಟು. ಇದನ್ನೇ 1000 ಐಯು ಮಾಡಿದಾಗ ಮೊದಲನೆಯದು ಶೇಕಡಾ 99 ದಾಟುತ್ತದೆ, ಎರಡನೆಯದು ಶೇಕಡಾ 80ರ ಹತ್ತಿರ ಬರುತ್ತದೆ. ನಿಮ್ಮ ಕೆರಳಿದ ಟಿ ಕೋಶಗಳಿಗೆ ಹತ್ತು ಪಟ್ಟಿನಿಂದ ಹೊಸದಾಗಿ ಸಿಕ್ಕಿದ್ದು ಏನೂ ಇಲ್ಲ. ಲಾಭವಾದದ್ದು ಎನ್‌ಕೆ ಕೋಶಗಳಿಗೆ.

ಹೆಚ್ಚಿನ ಪ್ರಮಾಣಕ್ಕೆ ಬೇರೆ ಕಡೆ ಅರ್ಥವಿದೆ. ಗೆಡ್ಡೆಯೊಳಗಿನ ಲಿಂಫೋಸೈಟ್‌ಗಳನ್ನು ಹೊರತೆಗೆದು ಬೆಳೆಸುವ ಟಿಐಎಲ್ ಚಿಕಿತ್ಸೆಯ ಕಲ್ಚರ್‌ಗಳಲ್ಲಿ ಮಿ.ಲೀ.ಗೆ 6000 ಐಯು ಹಾಕುವ ಪದ್ಧತಿ ಇದೆ. ಅಲ್ಲಿನ ಕೋಶಗಳ ಸ್ಥಿತಿ ಬೇರೆ, ಉದ್ದೇಶ ಬೇರೆ. ಆ ಅಂಕಿಯನ್ನು ತಂದು ರಕ್ತದ ಪಿಬಿಎಂಸಿಗೆ ಹಾಕಬೇಡಿ. ದೇಹದೊಳಗೂ ಪ್ರಮಾಣದ ಈ ಆಟ ನಡೆಯುತ್ತದೆ. ಮೂತ್ರಪಿಂಡದ ಕ್ಯಾನ್ಸರ್‌ಗೆ 1992ರಲ್ಲಿ ಅಮೆರಿಕದಲ್ಲಿ ಅನುಮತಿ ಪಡೆದ ಐಎಲ್-2 ಚಿಕಿತ್ಸೆಯಲ್ಲಿ ದೇಹತೂಕದ ಪ್ರತಿ ಕಿಲೋಗೆ 6 ಲಕ್ಷ ಐಯು, 8 ಗಂಟೆಗೊಮ್ಮೆ, ಒಂದು ಸುತ್ತಿಗೆ 14 ಡೋಸ್‌ವರೆಗೆ ಕೊಡುತ್ತಾರೆ. ಸೂಕ್ಷ್ಮ ರಕ್ತನಾಳಗಳಿಂದ ದ್ರವ ಸೋರಿ ರಕ್ತದೊತ್ತಡ ಕುಸಿಯುವುದು ಇದರ ಕುಖ್ಯಾತ ಅಡ್ಡಪರಿಣಾಮ. ಪ್ರಮಾಣವನ್ನು ಬಹಳ ಇಳಿಸಿದರೆ ಅದೇ ಅಣು ಮುಖ್ಯವಾಗಿ ಟಿ-ರೆಗ್‌ಗಳನ್ನು ಬೆಳೆಸಿ ರೋಗನಿರೋಧಕ ಪ್ರತಿಕ್ರಿಯೆಯನ್ನು ತಣಿಸುತ್ತದೆ. 1990ರ ದಶಕದ ಆರಂಭದಲ್ಲಿ ಐಎಲ್-2 ಜೀನ್ ತೆಗೆದ ಇಲಿಗಳಲ್ಲಿ ರೋಗನಿರೋಧಕ ಶಕ್ತಿ ಕುಂದುತ್ತದೆ ಎಂದು ನಿರೀಕ್ಷಿಸಿದ್ದರು. ಅವು ಕರುಳಿನ ಉರಿಯೂತದಂಥ ಸ್ವಯಂದಾಳಿ ರೋಗಗಳಿಂದ ಸತ್ತವು. ಟಿ-ರೆಗ್‌ಗಳು ಐಎಲ್-2 ಇಲ್ಲದೆ ನಿಲ್ಲುವುದಿಲ್ಲ ಎಂಬುದು ಆಮೇಲೆ ತಿಳಿಯಿತು. ಅವನ್ನು 1995ರಲ್ಲಿ ಸಿಡಿ25ರ ಮೂಲಕವೇ ಗುರುತಿಸಿದ ಶಿಮೊನ್ ಸಕಗುಚಿ 2025ರ ನೊಬೆಲ್ ಹಂಚಿಕೊಂಡ ಮೂವರಲ್ಲಿ ಒಬ್ಬರು.

ಆರನೇ ದಿನದ ಸಾವು

ಟಿ ಕೋಶ ಕಲ್ಚರ್‌ನಲ್ಲಿ ಸಾವಿಗೆ ಮುಖ್ಯ ಕಾರಣಗಳು ಮೂರು: ಐಎಲ್-2 ಮುಗಿಯುವುದು, ಮೀಡಿಯಂ ಕೆಡುವುದು, ಮತ್ತೆ ಮತ್ತೆ ಕೆರಳಿಸುವುದು.

ಐಎಲ್-2 ಎಷ್ಟು ಬೇಗ ಮುಗಿಯುತ್ತದೆಂದು ಬಹಳ ಜನ ಯೋಚಿಸುವುದೇ ಇಲ್ಲ. ರಿಸೆಪ್ಟರ್‌ಗೆ ಅಂಟಿದ ಅಣುವನ್ನು ಕೋಶ ಒಳಗೆಳೆದುಕೊಂಡು ಅರಗಿಸಿಬಿಡುತ್ತದೆ. ಸ್ಥೂಲವಾಗಿ ಲೆಕ್ಕ ಹಾಕೋಣ. 100 ಐಯು ಇರುವ 1 ಮಿ.ಲೀ.ನಲ್ಲಿ ಸುಮಾರು 23,500 ಕೋಟಿ ಅಣುಗಳಿವೆ. ಕೋಶಗಳು 10 ಲಕ್ಷವಿದ್ದರೆ ಒಂದೊಂದರ ಪಾಲಿಗೆ 2 ಲಕ್ಷ 35 ಸಾವಿರ. ಕೆರಳಿದ ಕೋಶದ ಮೇಲೆ 2000 ಪೂರ್ಣ ರಿಸೆಪ್ಟರ್ ಇವೆ, ಅರ್ಧದಷ್ಟು 15 ನಿಮಿಷಕ್ಕೊಮ್ಮೆ ಒಳಹೋಗುತ್ತವೆ, ಅವುಗಳ ಜಾಗಕ್ಕೆ ಹೊಸವು ಬರುತ್ತಿರುತ್ತವೆ ಎಂದುಕೊಂಡರೆ ಗಂಟೆಗೆ 5–6 ಸಾವಿರ ಅಣು ಖರ್ಚು. ದಾಸ್ತಾನು 40 ಗಂಟೆ ಬಂದೀತು. ಕೋಶಗಳು 30 ಲಕ್ಷವಾದರೆ 14 ಗಂಟೆಗೆ ಖಾಲಿ. ಐಎಲ್-2 ನಿಂತರೆ ಬಿಸಿಎಲ್-2 ಇಳಿದು ಬಿಮ್ ಎಂಬ ಪ್ರೋಟೀನ್ ಮೇಲುಗೈ ಪಡೆಯುತ್ತದೆ, ಕೋಶ ತಾನಾಗಿ ಸಾಯುತ್ತದೆ.

ನಿಮ್ಮಲ್ಲಿ ಆದದ್ದು ಇಷ್ಟೇ ಆಗಿದ್ದರೆ 1000 ಐಯು ಹಾಕಿದಾಗ ಸಾವು ಮುಂದಕ್ಕೆ ಹೋಗಬೇಕಿತ್ತು. ಹೋಗಲಿಲ್ಲ. ಹಾಗಾಗಿ ಉಳಿದೆರಡು ಕಾರಣಗಳತ್ತ ನೋಡಬೇಕು, ನೀವು ಕೊಟ್ಟ ವಿವರ ಎರಡಕ್ಕೂ ಹೊಂದುತ್ತದೆ. ಆರ್‌ಪಿಎಂಐ 1640ರಲ್ಲಿ ಗ್ಲೂಕೋಸ್ ಲೀಟರಿಗೆ 2 ಗ್ರಾಂ ಇರುತ್ತದೆ. ಕೆರಳಿದ ಟಿ ಕೋಶಗಳು ಅದನ್ನು ಭರದಿಂದ ಲ್ಯಾಕ್ಟಿಕ್ ಆಮ್ಲವಾಗಿಸುತ್ತವೆ. ನಾಲ್ಕನೇ ದಿನಕ್ಕೆ ಮೂರು ಪಟ್ಟಾದ ಕೋಶಗಳನ್ನು ಅದೇ ಮೀಡಿಯಂನಲ್ಲಿ ಇನ್ನೆರಡು ದಿನ ಬಿಟ್ಟರೆ ಮೀಡಿಯಂ ಕಿತ್ತಳೆ ದಾಟಿ ಹಳದಿಯಾಗಿರಲೇಬೇಕು. ಮೀಡಿಯಂ ಹಳದಿಯಾದ ಮೇಲೆ ಐಎಲ್-2 ಸುರಿದರೆ ಆಮ್ಲವೂ ಹೋಗುವುದಿಲ್ಲ, ಗ್ಲೂಕೋಸೂ ಬರುವುದಿಲ್ಲ.

ಮೂರನೆಯ ಕಾರಣ ಸೂಕ್ಷ್ಮವಾದದ್ದು. ಲೇಪಿಸಿದ ಪ್ರತಿಕಾಯ ಪ್ಲೇಟ್‌ಗೆ ಅಂಟಿಕೊಂಡೇ ಇರುತ್ತದೆ. ಐಎಲ್-2 ಸಾಕಷ್ಟಿರುವ ಕಡೆ, ಈಗಾಗಲೇ ಕೆರಳಿದ ಟಿ ಕೋಶವನ್ನು ಸಿಡಿ3 ಮೂಲಕ ಮತ್ತೆ ಬಲವಾಗಿ ಎಳೆದರೆ ಅದು ಫ್ಯಾಸ್ ಮತ್ತು ಫ್ಯಾಸ್ ಲಿಗ್ಯಾಂಡ್ ಮೂಲಕ ಆತ್ಮಹತ್ಯೆ ಮಾಡಿಕೊಳ್ಳುತ್ತದೆ. ಸೋಂಕು ಮುಗಿದ ಮೇಲೆ ದಂಡನ್ನು ಕರಗಿಸಲು ದೇಹ ಬಳಸುವ ವಿಧಾನಗಳಲ್ಲಿ ಇದೂ ಒಂದು. ಐಎಲ್-2 ಈ ಸಾವಿಗೆ ಕೋಶವನ್ನು ಇನ್ನಷ್ಟು ಸಿದ್ಧಗೊಳಿಸುತ್ತದೆ. ಹಾಗಾಗಿ ಹತ್ತು ಪಟ್ಟು ಹಾಕುವುದು ಇಲ್ಲಿ ಉಲ್ಟಾ ಹೊಡೆಯಬಹುದು. ಎರಡನೇ ದಿನದ ಕೊನೆಗೆ ಅಥವಾ ಮೂರನೇ ದಿನ ಕೋಶಗಳನ್ನು ಲೇಪನವಿಲ್ಲದ ಹೊಸ ಪ್ಲೇಟ್‌ಗೆ ದಾಟಿಸಲೇಬೇಕು.

ಎರಡರಲ್ಲಿ ಯಾವುದು ಎಂದು ತಿಳಿಯುವುದು ಸುಲಭ. ಮೂರನೇ ದಿನ ಕಲ್ಚರ್ ಅನ್ನು ನಾಲ್ಕು ಭಾಗ ಮಾಡಿ. ಎರಡನ್ನು ಲೇಪಿತ ಪ್ಲೇಟ್‌ನಲ್ಲಿ, ಎರಡನ್ನು ಸಾದಾ ಪ್ಲೇಟ್‌ನಲ್ಲಿ ಇಡಿ. ಪ್ರತಿ ಜೋಡಿಯಲ್ಲಿ ಒಂದಕ್ಕೆ ಹೊಸ ಮೀಡಿಯಂ ಸೇರಿಸಿ ಮಿ.ಲೀ.ಗೆ 5 ಲಕ್ಷಕ್ಕೆ ತೆಳುಗೊಳಿಸಿ, ಇನ್ನೊಂದನ್ನು ಹಾಗೇ ಬಿಡಿ. ನಾಲ್ಕಕ್ಕೂ ಐಎಲ್-2 ಮಿ.ಲೀ.ಗೆ 100 ಐಯು. ಆರನೇ ದಿನ ಶೇಕಡಾ 0.4ರ ಟ್ರಿಪಾನ್ ಬ್ಲೂ (ಸತ್ತ ಕೋಶಗಳಿಗೆ ಮಾತ್ರ ಹತ್ತುವ ಬಣ್ಣ) ಜೊತೆ ಎಣಿಸಿ. ಸಾದಾ ಪ್ಲೇಟ್‌ನವು ಮಾತ್ರ ಬದುಕಿದ್ದರೆ ಕಾರಣ ಲೇಪನ, ತೆಳುಗೊಳಿಸಿದವು ಮಾತ್ರ ಬದುಕಿದ್ದರೆ ಕಾರಣ ಮೀಡಿಯಂ.

ಮುಂದಿನ ಪ್ರಯೋಗಕ್ಕೆ

ಮಾನವ ರಕ್ತ ತೆಗೆಯಲು ನಿಮ್ಮ ಸಂಸ್ಥೆಯ ನೈತಿಕ ಸಮಿತಿಯ ಅನುಮತಿ ಇದೆಯೆಂದು ಭಾವಿಸುತ್ತೇನೆ. ಹೆಪಟೈಟಿಸ್, ಎಚ್‌ಐವಿ ಪರೀಕ್ಷೆಯಾಗದ ರಕ್ತವನ್ನು ಸೋಂಕಿರಬಹುದಾದ ವಸ್ತುವೆಂದೇ ತಿಳಿದು ಬಯೋಸೇಫ್ಟಿ ಕ್ಯಾಬಿನೆಟ್‌ನಲ್ಲಿ ಕೆಲಸ ಮಾಡಿ.

ರಕ್ತಕ್ಕೆ ಸಮಪಾಲು ಪಿಬಿಎಸ್ (ಉಪ್ಪಿನ ಬಫರ್ ದ್ರಾವಣ) ಸೇರಿಸಿ, 1.077 ಸಾಂದ್ರತೆಯ ಫೈಕಾಲ್ (ರಕ್ತಕಣಗಳನ್ನು ಪದರಗಳಾಗಿ ಬೇರ್ಪಡಿಸುವ ದ್ರವ) ಮೇಲೆ ನಿಧಾನವಾಗಿ ಹರಿಸಿ, 400 ಜಿ ವೇಗದಲ್ಲಿ 30 ನಿಮಿಷ, 20 ಡಿಗ್ರಿಯಲ್ಲಿ, ಬ್ರೇಕ್ ಇಲ್ಲದೆ ತಿರುಗಿಸಿ. ಫ್ರಿಜ್‌ನಿಂದ ಆಗಷ್ಟೇ ತೆಗೆದ ಫೈಕಾಲ್ ಬಳಸಿದರೆ ಪದರ ಸರಿಯಾಗಿ ಬರುವುದಿಲ್ಲ. ಒಂದು ಮಿ.ಲೀ. ರಕ್ತಕ್ಕೆ 10ರಿಂದ 20 ಲಕ್ಷ ಕೋಶ ಸಿಗಬೇಕು. ಆಮೇಲಿನ ತೊಳೆತಗಳಲ್ಲಿ ಒಂದನ್ನಾದರೂ 200 ಜಿ, 10 ನಿಮಿಷಕ್ಕೆ ಮಾಡಿ. ಪ್ಲೇಟ್‌ಲೆಟ್‌ಗಳು ಮೇಲಿನ ದ್ರವದಲ್ಲೇ ಉಳಿದು ಹೊರಹೋಗುತ್ತವೆ. ಇದನ್ನು ಒತ್ತಿ ಹೇಳಲು ಕಾರಣವಿದೆ: ಪ್ಲೇಟ್‌ಲೆಟ್‌ಗಳು ಟಿಜಿಎಫ್-ಬೀಟಾದ ಗಣಿ. ಅದೂ ಗ್ರೋತ್ ಫ್ಯಾಕ್ಟರೇ, ಆದರೆ ಟಿ ಕೋಶದಲ್ಲಿ ಐಎಲ್-2 ಉತ್ಪಾದನೆಯನ್ನು ಅದುಮಿ ವಿಭಜನೆಯನ್ನು ತಡೆಯುತ್ತದೆ. ಸೀರಮ್‌ನಲ್ಲೂ ಇದು ಇರುತ್ತದೆ, ಲಾಟ್‌ನಿಂದ ಲಾಟ್‌ಗೆ ಪ್ರಮಾಣ ಬದಲಾಗುತ್ತದೆ. ಒಂದೇ ಪ್ರೋಟೋಕಾಲ್ ಒಂದು ತಿಂಗಳು ಚೆನ್ನಾಗಿ ನಡೆದು ಮರುತಿಂಗಳು ಕೈಕೊಟ್ಟರೆ ಸೀರಮ್ ಬಾಟಲಿಯ ಲಾಟ್ ಸಂಖ್ಯೆ ನೋಡಿ.

ಮೀಡಿಯಂಗೆ ಆರ್‌ಪಿಎಂಐ 1640, ಶೇಕಡಾ 10 ಸೀರಮ್, 2 ಮಿಲಿಮೋಲಾರ್ ಗ್ಲುಟಮಿನ್ ಸಾಕು. ಇಲಿಯ ಕೋಶಗಳಾದರೆ 50–55 ಮೈಕ್ರೋಮೋಲಾರ್ ಬೀಟಾ-ಮರ್ಕ್ಯಾಪ್ಟೋಎಥೆನಾಲ್ ಕೂಡ ಬೇಕೇ ಬೇಕು. ಸಿಡಿ3 ಪ್ರತಿಕಾಯ, ಒಕೆಟಿ3 ಕ್ಲೋನ್, ಪಿಬಿಎಸ್‌ನಲ್ಲಿ ಮಿ.ಲೀ.ಗೆ 1ರಿಂದ 5 ಮೈಕ್ರೋಗ್ರಾಂ ಮಾಡಿ 37 ಡಿಗ್ರಿಯಲ್ಲಿ 2 ಗಂಟೆ ಅಥವಾ 4 ಡಿಗ್ರಿಯಲ್ಲಿ ರಾತ್ರಿಯಿಡೀ ಲೇಪಿಸಿ, ಎರಡು ಸಲ ತೊಳೆಯಿರಿ. ಲೇಪಿಸುವ ದ್ರವಕ್ಕೆ ಸೀರಮ್ ಅಥವಾ ಬಿಎಸ್‌ಎ (ಹಸುವಿನ ಸೀರಮ್ ಆಲ್ಬುಮಿನ್) ಸೇರಿದರೆ ಅವೇ ಪ್ಲಾಸ್ಟಿಕ್ಕಿಗೆ ಅಂಟಿ ಪ್ರತಿಕಾಯಕ್ಕೆ ಜಾಗ ಉಳಿಯುವುದಿಲ್ಲ. ಸಿಡಿ28 ಪ್ರತಿಕಾಯವನ್ನು ಮಿ.ಲೀ.ಗೆ 1–2 ಮೈಕ್ರೋಗ್ರಾಂನಂತೆ ನೇರವಾಗಿ ಮೀಡಿಯಂಗೆ ಹಾಕಬಹುದು. ಪಿಬಿಎಂಸಿಯಲ್ಲಿ ಕರಗಿದ ಒಕೆಟಿ3 ಕೂಡ ಕೆಲಸ ಮಾಡುತ್ತದೆ, ಏಕೆಂದರೆ ಮಾನೊಸೈಟ್‌ಗಳು ತಮ್ಮ ಎಫ್‌ಸಿ ರಿಸೆಪ್ಟರ್‌ನಿಂದ ಅದನ್ನು ಹಿಡಿದು ಟಿ ಕೋಶಕ್ಕೆ ಒಡ್ಡುತ್ತವೆ. ಶುದ್ಧೀಕರಿಸಿದ ಟಿ ಕೋಶಗಳಲ್ಲಿ ಆ ಹಿಡಿಯುವ ಕೈ ಇಲ್ಲ. ಅಲ್ಲಿ ಲೇಪನ ಇಲ್ಲವೇ ಮಣಿಗಳು ಬೇಕು. ಮಣಿ ಬಳಸಿದರೆ ಕೋಶಕ್ಕೊಂದು ಮಣಿ ಎಂಬ ಅನುಪಾತದಿಂದ ಶುರುಮಾಡಿ.

ಐಎಲ್-2 ಪುಡಿಯನ್ನು ಕರಗಿಸುವಾಗ ತಯಾರಕರು ಹೇಳಿದ ದ್ರವವನ್ನೇ ಬಳಸಿ. ಬಹಳ ಕಡೆ ಅದು 100 ಮಿಲಿಮೋಲಾರ್ ಅಸಿಟಿಕ್ ಆಮ್ಲ. ಜೊತೆಗೆ ಶೇಕಡಾ 0.1 ಬಿಎಸ್‌ಎ ಇರಲಿ, ಇಲ್ಲದಿದ್ದರೆ ನ್ಯಾನೋಗ್ರಾಂ ಮಟ್ಟದ ಪ್ರೋಟೀನ್ ಟ್ಯೂಬಿನ ಗೋಡೆಗೇ ಅಂಟಿಹೋಗುತ್ತದೆ. ಸಣ್ಣ ಪಾಲುಗಳಾಗಿ ಮಾಡಿ ಮೈನಸ್ 80ರಲ್ಲಿಡಿ. ಒಂದೇ ಟ್ಯೂಬನ್ನು ಪದೇ ಪದೇ ಕರಗಿಸಿ ಮತ್ತೆ ಹೆಪ್ಪುಗಟ್ಟಿಸಬೇಡಿ.

ಮೂರನೇ ದಿನದ ಬಳಿಕ ಪ್ರತಿ 2 ದಿನಕ್ಕೊಮ್ಮೆ ಎಣಿಸಿ, ಮಿ.ಲೀ.ಗೆ 5ರಿಂದ 10 ಲಕ್ಷದ ನಡುವೆ ಇರುವಂತೆ ಹೊಸ ಮೀಡಿಯಂ ಸೇರಿಸಿ. ಸೇರಿಸಿದ ಮೀಡಿಯಂನಷ್ಟಕ್ಕೆ ಮಾತ್ರ ಲೆಕ್ಕ ಹಾಕದೆ ಒಟ್ಟು ಪರಿಮಾಣಕ್ಕೆ ಐಎಲ್-2 ಹಾಕಿ, ಹಳೆಯದು ಮುಗಿದಿದೆ ಎಂದೇ ತಿಳಿಯಿರಿ. ಸಿಡಿ25 ಎರಡು–ಮೂರನೇ ದಿನಕ್ಕೆ ಶಿಖರ ಮುಟ್ಟಿ ವಾರದ ಹೊತ್ತಿಗೆ ಇಳಿಯತೊಡಗುತ್ತದೆ. ಎರಡನೇ ವಾರದಲ್ಲಿ ಬೆಳವಣಿಗೆ ಮಂದವಾದರೆ ಐಎಲ್-2 ಹೆಚ್ಚಿಸಬೇಡಿ, ಕೋಶಗಳು ಮತ್ತೆ ಚಿಕ್ಕದಾಗಿ ವಿಶ್ರಾಂತಿಗೆ ಮರಳುತ್ತಿವೆ. ಮುಂದುವರಿಸಬೇಕಿದ್ದರೆ 10–14 ದಿನಕ್ಕೆ ಮತ್ತೊಮ್ಮೆ ಹದವಾಗಿ ಕೆರಳಿಸುವುದು ರೂಢಿ.

ಅಳೆಯುವ ವಿಧಾನ

ಎಂಟಿಟಿ ಪರೀಕ್ಷೆ ಈ ಪ್ರಶ್ನೆಗೆ ತಕ್ಕ ಸಾಧನವಲ್ಲ. ಅದು ಅಳೆಯುವುದು ಕೋಶದ ಚಯಾಪಚಯವನ್ನು. ಕೆರಳಿದ ಟಿ ಕೋಶ ವಿಭಜನೆಗೂ ಮೊದಲೇ ಉಬ್ಬಿ ಚಯಾಪಚಯವನ್ನು ಹಲವು ಪಟ್ಟು ಹೆಚ್ಚಿಸಿಕೊಂಡಿರುತ್ತದೆ. ಹಾಗಾಗಿ ಒಂದೂ ಕೋಶ ಹೆಚ್ಚದೆ ಬಣ್ಣ ಗಾಢವಾಗಬಲ್ಲದು. ಸಿಎಫ್‌ಎಸ್‌ಇ ಬಣ್ಣ ಬಳಸಿ ಫ್ಲೋ ಸೈಟೋಮೀಟರ್‌ನಲ್ಲಿ (ಒಂದೊಂದೇ ಕೋಶದ ಹೊಳಪು ಅಳೆಯುವ ಯಂತ್ರದಲ್ಲಿ) ನೋಡಿ. ಪ್ರತಿ ವಿಭಜನೆಗೂ ಕೋಶದ ಹೊಳಪು ಅರ್ಧವಾಗುತ್ತದೆ, 7–8 ತಲೆಮಾರಿನವರೆಗೆ ಬೇರೆಬೇರೆಯಾಗಿ ಕಾಣುತ್ತದೆ.

ಸೀರಮ್ ಇಲ್ಲದ ಪಿಬಿಎಸ್‌ನಲ್ಲಿ 1ರಿಂದ 5 ಮೈಕ್ರೋಮೋಲಾರ್ ಸಿಎಫ್‌ಎಸ್‌ಇ, 37 ಡಿಗ್ರಿಯಲ್ಲಿ 10 ನಿಮಿಷ, ಬೆಳಕು ತಾಗದಂತೆ. ಬಣ್ಣ ಹಾಕಿದ ಕೂಡಲೇ ಅಲುಗಿಸಿ ಬೆರೆಸಿ, ಇಲ್ಲದಿದ್ದರೆ ಕೋಶಗಳಿಗೆ ಅಸಮವಾಗಿ ಹತ್ತಿ ತಲೆಮಾರಿನ ಶಿಖರಗಳು ಕಲಸಿಹೋಗುತ್ತವೆ. ಐದು ಪಟ್ಟು ತಣ್ಣನೆಯ ಸೀರಮ್‌ಯುಕ್ತ ಮೀಡಿಯಂ ಸುರಿದು ನಿಲ್ಲಿಸಿ. ಕೋಶಗಳು ಸತ್ತರೆ ಬಣ್ಣ ಹೆಚ್ಚಾಗಿದೆ ಎಂದರ್ಥ. ಮೊದಲ ದಿನ ವಿಭಜನೆಯಿಲ್ಲದೆಯೂ ಹೊಳಪು ಸಾಕಷ್ಟು ಇಳಿಯುತ್ತದೆ, ಹಾಗಾಗಿ ಶೂನ್ಯ ತಲೆಮಾರಿನ ಶಿಖರವನ್ನು ಆರಂಭದ ದಿನದ ಮಾದರಿಯಿಂದ ಗುರುತಿಸಬೇಡಿ. ಅದೇ ದಿನ ತೆಗೆದ, ಕೆರಳಿಸದ ಕಂಟ್ರೋಲ್‌ನಿಂದ ಗುರುತಿಸಿ. ಸಿಡಿ25 ಮತ್ತು ಸತ್ತ ಕೋಶಗಳ ಬಣ್ಣವನ್ನೂ ಜೊತೆಗೇ ಹಾಕಿದರೆ ಒಂದೇ ಟ್ಯೂಬ್ ಬಹಳ ಹೇಳುತ್ತದೆ.

ಉದಾಹರಣೆಗೆ ನಿಮ್ಮ ಟ್ಯೂಬಿನಲ್ಲಿ ಶೂನ್ಯ ತಲೆಮಾರಿನ 1000, ಮೊದಲನೆಯ 800, ಎರಡನೆಯ 1200, ಮೂರನೆಯ 1600 ಕೋಶ ಕಂಡವು ಎನ್ನಿ. ಅವನ್ನು ಕ್ರಮವಾಗಿ 1, 2, 4, 8ರಿಂದ ಭಾಗಿಸಿದರೆ ಮೂಲ ಕೋಶಗಳು 1000, 400, 300, 200, ಒಟ್ಟು 1900. ಇವುಗಳಲ್ಲಿ ವಿಭಜನೆಗೆ ಇಳಿದವು 900, ಅಂದರೆ ಶೇಕಡಾ 47. ಇಳಿದವು ಸರಾಸರಿ 1600 ಭಾಗಿಸು 900, ಅಂದರೆ 1.78 ಬಾರಿ ವಿಭಜನೆಗೊಂಡಿವೆ. ಒಟ್ಟು ಏರಿಕೆ 2.4 ಪಟ್ಟು. ಬರೀ ಎಣಿಕೆ ಮಾಡಿದ್ದರೆ ಈ 2.4 ಮಾತ್ರ ಸಿಗುತ್ತಿತ್ತು. ಎಷ್ಟು ಕೋಶ ವಿಭಜನೆಗೆ ಇಳಿಯುತ್ತವೆ ಎಂಬುದನ್ನು ಬಹುಮಟ್ಟಿಗೆ ಸಿಡಿ3 ಮತ್ತು ಸಿಡಿ28 ಸಂಕೇತಗಳೂ, ಇಳಿದವು ಎಷ್ಟು ಸುತ್ತು ಹೋಗಿ ಬದುಕುಳಿಯುತ್ತವೆ ಎಂಬುದನ್ನು ಬಹುಮಟ್ಟಿಗೆ ಐಎಲ್-2ವೂ ನಿರ್ಧರಿಸುತ್ತವೆ. ನಿಮ್ಮ ಪ್ರಾಜೆಕ್ಟ್‌ನ ಪ್ರಶ್ನೆಗೆ ಬೇಕಾಗಿರುವುದು ಈ ಎರಡು ಅಂಕಿಗಳು.

ಐಎಲ್-2ರ ಪರಿಣಾಮವನ್ನೇ ಬೇರ್ಪಡಿಸಿ ತೋರಿಸಲು ಒಂದು ತೊಡಕಿದೆ. ಕೆರಳಿದ ಕೋಶಗಳು ತಾವೇ ಐಎಲ್-2 ಮಾಡಿಕೊಳ್ಳುವುದರಿಂದ ಮೊದಲ ಮೂರು ದಿನ ‘ಐಎಲ್-2 ಹಾಕಿದ’ ಮತ್ತು ‘ಹಾಕದ’ ವೆಲ್‌ಗಳು ಒಂದೇ ಥರ ಕಾಣಬಹುದು. ಅದಕ್ಕೆ ದಾರಿ ಹೀಗಿದೆ. ಮೂರು ದಿನ ಕೆರಳಿಸಿ, ಕೋಶಗಳನ್ನು ಎರಡು ಸಲ ತೊಳೆದು, ಐಎಲ್-2 ಇಲ್ಲದ ಮೀಡಿಯಂನಲ್ಲಿ ಒಂದು ರಾತ್ರಿ ಬಿಡಿ. ಆಮೇಲೆ ಮಿ.ಲೀ.ಗೆ 1 ಲಕ್ಷದಂತೆ ತೆಳುವಾಗಿ ಹಂಚಿ, 0, 1, 3, 10, 30, 100, 300 ಐಯು ಪ್ರಮಾಣಗಳಲ್ಲಿ, ಪ್ರತಿಯೊಂದಕ್ಕೂ ಮೂರು ವೆಲ್, 48 ಗಂಟೆ ಇಡಿ. 1 ಐಯು ಎಂದರೆ 3.9 ಪಿಕೋಮೋಲಾರ್ ಆದ್ದರಿಂದ ಪೂರ್ಣ ರಿಸೆಪ್ಟರ್ ಅರ್ಧ ತುಂಬುವುದು 2.5 ಐಯು ಆಸುಪಾಸಿನಲ್ಲಿ. ನಿಮ್ಮ ರೇಖೆ 1 ಮತ್ತು 10ರ ನಡುವೆ ಕಡಿದಾಗಿ ಏರಿ 30ರ ಮೇಲೆ ಚಪ್ಪಟೆಯಾಗಬೇಕು. ಇನ್ನೊಂದು ಗುಂಪಿಗೆ ಸಿಡಿ25 ತಡೆಯುವ ಬಸಿಲಿಕ್ಸಿಮ್ಯಾಬ್ ಅಥವಾ ಜ್ಯಾಕ್ ತಡೆಯುವ ಟೊಫಾಸಿಟಿನಿಬ್ ಸೇರಿಸಿದರೆ ಏರಿಕೆ ಐಎಲ್-2 ದಾರಿಯಿಂದಲೇ ಬಂತೆಂಬುದಕ್ಕೆ ಪುರಾವೆ ಸಿಗುತ್ತದೆ. ಕಿಡ್ನಿ ಕಸಿ ಮಾಡಿಸಿಕೊಂಡವರಿಗೆ ಕೊಡುವ ಟ್ಯಾಕ್ರೊಲಿಮಸ್ ಐಎಲ್-2 ಉತ್ಪಾದನೆಯನ್ನೂ, ಸಿರೊಲಿಮಸ್ ಎಂಟಾರ್ ಅನ್ನೂ ಕಟ್ಟಿಹಾಕುತ್ತವೆ. ಅವೂ ಒಳ್ಳೆಯ ಕಂಟ್ರೋಲ್‌ಗಳೇ.

ಉಳಿದ ಕೋಶಗಳ ಬಗ್ಗೆ ಕೇಳಿದ್ದೀರಿ. ಗಾಮಾ ಸರಪಳಿಯನ್ನು ಐಎಲ್-4, 7, 9, 15, 21 ಕೂಡ ಬಳಸುತ್ತವೆ. ಆ ಒಂದೇ ಜೀನ್ ಕೆಟ್ಟು ಹುಟ್ಟುವ ಗಂಡುಮಕ್ಕಳಲ್ಲಿ ಟಿ ಕೋಶ, ಎನ್‌ಕೆ ಕೋಶ ಎರಡೂ ಇರುವುದಿಲ್ಲ ಎಂಬುದು 1993ರಲ್ಲಿ ತಿಳಿಯಿತು. ಕಾರಣ ಐಎಲ್-2 ಒಂದೇ ಅಲ್ಲ. ಟಿ ಕೋಶ ಹುಟ್ಟಲು ಐಎಲ್-7, ಎನ್‌ಕೆ ಕೋಶಕ್ಕೆ ಐಎಲ್-15 ಬೇಕು. ಕಾರ್-ಟಿ ಚಿಕಿತ್ಸೆಗೆ (ಕ್ಯಾನ್ಸರ್ ಗುರುತಿಸುವಂತೆ ಜೀನ್ ಬದಲಿಸಿದ ಟಿ ಕೋಶಗಳ ಚಿಕಿತ್ಸೆಗೆ) ಕೋಶ ಬೆಳೆಸುವವರಲ್ಲಿ ಅನೇಕರು ಐಎಲ್-2 ಬಿಟ್ಟು ಐಎಲ್-7 ಮತ್ತು 15ರ ಜೋಡಿ ಬಳಸುವುದು, ಕೋಶಗಳು ಬೇಗ ಮುಪ್ಪಾಗದೆ ಸ್ಮೃತಿ ಕೋಶಗಳ ಗುಣ ಉಳಿಸಿಕೊಳ್ಳಲಿ ಎಂದು. ಭಾರತದಲ್ಲಿ 2023ರಲ್ಲಿ ಐಐಟಿ ಬಾಂಬೆ ಮತ್ತು ಟಾಟಾ ಮೆಮೋರಿಯಲ್ ಸಹಯೋಗದ ನೆಕ್ಸ್‌ಕಾರ್19, 2025ರಲ್ಲಿ ಬೆಂಗಳೂರಿನ ಇಮ್ಯುನೀಲ್‌ನ ಕಾರ್ಟೆಮಿ ಎಂಬ ಕಾರ್-ಟಿ ಚಿಕಿತ್ಸೆಗಳು ಬಂದ ಮೇಲೆ ಈ ಕೌಶಲಕ್ಕೆ ಇಲ್ಲೇ ಕೆಲಸವಿದೆ.

ಬಿ ಕೋಶಕ್ಕೆ ಸಿಡಿ40 ಸಂಕೇತ ಮೊದಲು, ಆಮೇಲೆ ಐಎಲ್-4, ಐಎಲ್-21. ಬ್ಯಾಫ್ ಎಂಬ ಅಂಶ ಬಿ ಕೋಶವನ್ನು ಮುಖ್ಯವಾಗಿ ಬದುಕಿಸುತ್ತದೆ. ಇಲಿಯ ಮಜ್ಜೆಗೆ ಎಂ-ಸಿಎಸ್‌ಎಫ್ ಎಂಬ ಗ್ರೋತ್ ಫ್ಯಾಕ್ಟರ್ ಮಿ.ಲೀ.ಗೆ 20 ನ್ಯಾನೋಗ್ರಾಂ ಕೊಟ್ಟರೆ 7 ದಿನಕ್ಕೆ ಮ್ಯಾಕ್ರೋಫೇಜ್ ಬರುತ್ತವೆ.

ನ್ಯೂಟ್ರೋಫಿಲ್ ಮಾತ್ರ ಪೂರ್ತಿ ಬೇರೆ. ರಕ್ತದಲ್ಲಿರುವ ಬಲಿತ ನ್ಯೂಟ್ರೋಫಿಲ್ ವಿಭಜನೆಗೊಳ್ಳುವುದೇ ಇಲ್ಲ. ಅದಕ್ಕೆ ಜಿ-ಸಿಎಸ್‌ಎಫ್ ಎಂಬ ಗ್ರೋತ್ ಫ್ಯಾಕ್ಟರ್ ಹಾಕಿದರೆ ಕೆಲ ಗಂಟೆ ಹೆಚ್ಚು ಬದುಕೀತು, ಅಷ್ಟೇ. ಜಿ-ಸಿಎಸ್‌ಎಫ್ ಕೆಲಸ ಮಾಡುವುದು ಮಜ್ಜೆಯಲ್ಲಿ ಇನ್ನೂ ವಿಭಜನೆಗೊಳ್ಳುತ್ತಿರುವ ಪೂರ್ವಜ ಕೋಶಗಳ ಮೇಲೆ. ಕೀಮೋಥೆರಪಿಯಾದವರಿಗೆ ಜಿ-ಸಿಎಸ್‌ಎಫ್‌ನ ಔಷಧರೂಪವಾದ ಫಿಲ್‌ಗ್ರಾಸ್ಟಿಮ್ ಅನ್ನು ಕಿಲೋಗೆ ದಿನಕ್ಕೆ 5 ಮೈಕ್ರೋಗ್ರಾಂನಂತೆ, ಕೀಮೋ ಔಷಧ ಕೊಟ್ಟು 24 ಗಂಟೆ ಕಳೆದ ಮೇಲಷ್ಟೇ ಶುರುಮಾಡುವುದು ಇದೇ ಕಾರಣಕ್ಕೆ. ಮೊದಲೇ ಕೊಟ್ಟರೆ ವಿಭಜನೆಗೆ ಹೊರಟ ಪೂರ್ವಜ ಕೋಶಗಳನ್ನು ಕೀಮೋ ಔಷಧವೇ ಕೊಂದುಹಾಕುತ್ತದೆ. ನಿಮ್ಮ ಪ್ರಾಜೆಕ್ಟ್‌ನಲ್ಲಿ ನ್ಯೂಟ್ರೋಫಿಲ್ ಸೇರಿಸುವ ಯೋಚನೆಯಿದ್ದರೆ ಬಿಟ್ಟುಬಿಡಿ, ಆ ಸಮಯವನ್ನು ಮೇಲೆ ಹೇಳಿದ ನಾಲ್ಕು ಭಾಗದ ಪ್ರಯೋಗಕ್ಕೆ ಕೊಡಿ. ಆರನೇ ದಿನ ಸಾದಾ ಪ್ಲೇಟ್‌ನ ತೆಳುಗೊಳಿಸಿದ ವೆಲ್‌ನಲ್ಲೂ ಕೋಶಗಳು ಸಾಯುತ್ತಿದ್ದರೆ ಸಿಡಿ25 ಬಣ್ಣ ಹಾಕಿ ನೋಡಿ. ಸಿಡಿ25 ಕಡಿಮೆಯಿದ್ದರೆ ಲೇಪನ ಸರಿಯಾಗಿಲ್ಲ. ಚೆನ್ನಾಗಿದ್ದೂ ಸಾಯುತ್ತಿದ್ದರೆ ಐಎಲ್-2 ಸೀಸೆ ಮತ್ತು ಸೀರಮ್ ಲಾಟ್ ಎರಡನ್ನೂ ಒಂದೊಂದಾಗಿ ಬದಲಿಸಿ.